ನಕ್ಷತ್ರ ಗೆರೆಯಾಗದ ರಾತ್ರಿ

ನಂಬಿ ಎಂದು ಯಾರನ್ನೂ ಒತ್ತಾಯಿಸುವುದಿಲ್ಲ, ನಡೆದದ್ದು ಇಷ್ಟು.

ತೀರಿಹೋದ ಭಾವನ ಟೆಲಿಸ್ಕೋಪನ್ನು ಅಕ್ಕ ನನಗೆ ಕೊಟ್ಟಿದ್ದಳು. ಆಕಾಶ ಸರಿದಂತೆ ಅದೂ ಸರಿಯಬೇಕು, ಇಲ್ಲದಿದ್ದರೆ ಫೋಟೋದಲ್ಲಿ ನಕ್ಷತ್ರ ಚುಕ್ಕಿಯಾಗದೆ ಗೆರೆಯಾಗುತ್ತದೆ. ಭಾವ ಮೆಲ್ಲಗೆ ಎಣಿಸುತ್ತಾ ಅದರ ತಿರುಪನ್ನು ಕೈಯಿಂದಲೇ ತಿರುಗಿಸುತ್ತಿದ್ದರು. ನನಗೆ ಅಷ್ಟು ತಾಳ್ಮೆಯಿಲ್ಲ, ಮೋಟಾರು ಹಾಕಿಸಿದೆ.

ಆ ರಾತ್ರಿ ಅಕ್ಕನ ಮನೆಯ ತಾರಸಿಯಲ್ಲಿ ತಿಪ್ಪರಲಾಗ ಹಾಕಿದರೂ ಗೆರೆ ಹೋಗಲಿಲ್ಲ. ಸ್ಟ್ಯಾಂಡಿನ ಮಟ್ಟ ನೋಡಿದೆ, ತೂಕ ಸರಿದೂಗಿಸಿದೆ, ಧ್ರುವ ನಕ್ಷತ್ರಕ್ಕೆ ಮತ್ತೆ ಗುರಿಯಿಟ್ಟೆ. ಮೋಟಾರಿನ ವೈರೇ ಸಡಿಲವೇನೋ ಎಂದು ಅದನ್ನು ಕಿತ್ತು ಒರೆಸುತ್ತಿದ್ದಾಗ ಅಕ್ಕ ಊಟಕ್ಕೆ ಕರೆದಳು. ಗಡಿಬಿಡಿಯಲ್ಲಿ ಹತ್ತು ನಿಮಿಷದ ಫೋಟೋಗೆ ಕ್ಯಾಮೆರಾದ ಗುಂಡಿ ಒತ್ತಿ, ತಾರಸಿಯ ಬಾಗಿಲಿಗೆ ಬೀಗ ಹಾಕಿ ಇಳಿದೆ.

ಬಡಿಸುತ್ತಿದ್ದ ಅಕ್ಕ ಸೌಟು ಹಿಡಿದು ಹಾಗೇ ನಿಂತಳು.

“ಮೇಲೆ ಯಾರನ್ನ ಬಿಟ್ಟು ಬಂದೆ?”

“ಯಾರೂ ಇಲ್ಲಕ್ಕ. ಬೀಗ ಹಾಕಿದೀನಿ, ಕೀ ನನ್ನ ಹತ್ರಾನೇ ಇದೆ.”

“ಮತ್ತೆ ಎಣಿಸ್ತಿರೋದು ಯಾರು?”

ನನಗೇನೂ ಕೇಳಿಸಲಿಲ್ಲ. “ಗಾಳಿ ಇರ್ಬೇಕು,” ಎಂದೆ.

“ಗಾಳಿ ನಲವತ್ತಾದ್ಮೇಲೆ ಕೆಮ್ಮುತ್ತಾ?”

ಮೇಲೆ ಹೋದಾಗ ಬೀಗ ಹಾಕಿದಂತೆಯೇ ಇತ್ತು. ಇಬ್ಬನಿ ಬಿದ್ದು ಲೋಹವೆಲ್ಲ ಒದ್ದೆಯಾಗಿ ಕೊರೆಯುತ್ತಿತ್ತು. ಆ ತಿರುಪು ಮಾತ್ರ ಒಣಗಿತ್ತು, ಬೆಚ್ಚಗಿತ್ತು. ಫೋಟೋ ತೆರೆದು ನೋಡಿದೆ. ಒಂದೂ ಗೆರೆಯಿಲ್ಲ, ನಕ್ಷತ್ರಗಳೆಲ್ಲ ಸೂಜಿಮೊನೆಯಂಥ ಚುಕ್ಕಿಗಳು.

ಅಂತೂ ಮೋಟಾರು ಸರಿಹೋಯಿತೆಂದುಕೊಂಡು ಕೀಯನ್ನು ಜೇಬಿಗೆ ಹಾಕಿದೆ. ಒಳಗೆ ಮೋಟಾರಿನ ವೈರು ಬೆರಳಿಗೆ ತಗುಲಿತು. ಒರೆಸಿದವನು ಅದನ್ನು ಮತ್ತೆ ಜೋಡಿಸಿಯೇ ಇರಲಿಲ್ಲ.