ವನಜಾ ತಡೆದ ವಿಳಾಸ

"ನನ್ನ ಸರ್ವರ್ ಬೀಳಿಸಿದ್ದು ಯಾರು?"

ಮಂಡ್ಯದ ಆ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ವನಜಾ ಕೂಗಿದ ಕೂಗಿಗೆ ಕೆಳಗಿನ ಜೆರಾಕ್ಸ್ ಅಂಗಡಿಯವರೂ ತಲೆ ಎತ್ತಿ ನೋಡಿದರು. ಮೂಲೆಯ ಕುರ್ಚಿಯಲ್ಲಿದ್ದ ಹೊಸಬನೊಬ್ಬ ತಣ್ಣಗೆ ಕೈ ಎತ್ತಿದ.

"ನಾನೇ. ಪುನೀತ್, ಮಳವಳ್ಳಿ. ಮುನ್ನೂರು ಜನ ಒಟ್ಟಿಗೆ ಬಂದ್ರೆ ಬಿದ್ದೋಯ್ತದೆ ಅಂತ ತೋರ್ಸೋಕೇ ನನ್ನ ಕರ್ಸಿರೋದು."

ವನಜಾಳಿಗೆ ಮೈಯೆಲ್ಲ ಉರಿದುಹೋಯಿತು. ಒಂದು ವರ್ಷ ಕೂತು ಕಟ್ಟಿದ ಕೆಲಸ ಅದು. ಸಕ್ಕರೆ ಕಾರ್ಖಾನೆಯೊಂದರ ರೈತರು ಕಬ್ಬಿನ ಕಟಾವಿಗೆ ತಮ್ಮ ಸರದಿಯನ್ನು ಫೋನಿನಲ್ಲೇ ಬರೆಸಿಕೊಳ್ಳಲಿ ಎಂದು ಮಾಡಿದ ಆಪ್. ಮೊದಲ ಸೋಮವಾರವೇ ಎಡವಟ್ಟಾದರೆ ಕೆಲಸ ಬೇರೆಯವರಿಗೆ ಎಂದು ಕಾರ್ಖಾನೆಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು.

ಅವನು ಬೀಳಿಸುವುದು, ಇವಳು ಎಬ್ಬಿಸುವುದು. ಹೀಗೇ ಒಂದು ತಿಂಗಳು ಹೋಯಿತು.

ಸರ್ವರ್ ಎಷ್ಟು ಜನರನ್ನು ತಡೆದುಕೊಂಡಿತು ಎಂದು ಪುನೀತ್ ದಿನಾ ಗೋಡೆಯ ಬೋರ್ಡಿನ ಮೇಲೆ ಬರೆಯುತ್ತಿದ್ದ. ಅದರ ಕೆಳಗೆ ವನಜಾ ಸಿಟ್ಟಿನಿಂದ "ಈಗ ಸಮಾಧಾನಾನಾ?" ಎಂದು ಗೀಚುತ್ತಿದ್ದಳು. ಅವನು ಒಂದು ಲೋಟ ಟೀ ತಂದು ಅವಳ ಮುಂದಿಡುತ್ತಿದ್ದ.

ಎರಡು ಸಾವಿರ ದಾಟಿದ ದಿನ ಅವನು ಸಂಖ್ಯೆಯ ಪಕ್ಕ "ಭೇಷ್" ಎಂದು ಬರೆದ. ಅದನ್ನು ಅಳಿಸಬೇಡಿ ಎಂದು ವನಜಾ ಕಸ ಗುಡಿಸುವವರಿಗೆ ಎರಡೆರಡು ಸಲ ಹೇಳಿದಳು.

'ಏನಾಗಿದೆ ನನಗೆ... ಇವನ ಮೇಲೆ ಇನ್ನೂ ಕೋಪ ಇರಬೇಕಿತ್ತಲ್ಲ...'

ಸೋಮವಾರ ಬೆಳಿಗ್ಗೆ ಏಳಕ್ಕೆ ಆಪ್ ತೆರೆಯಿತು. ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚಬೇಕು. ಅಷ್ಟರೊಳಗೆ ಬರೆಸಿದವರಿಗೆ ಮಾತ್ರ ಈ ವಾರದ ಕಟಾವು.

ಐದು ನಿಮಿಷ ಕಳೆದಿರಲಿಲ್ಲ, ಸರ್ವರ್ ಏದುಸಿರು ಬಿಡತೊಡಗಿತು. ನೋಡಿದರೆ ಒಂದೇ ಇಂಟರ್ನೆಟ್ ವಿಳಾಸದಿಂದ ಎರಡು ಸಾವಿರ ಸಲ ಬಡಿದಿದ್ದಾರೆ! ಯಾವ ರೈತ ಹೀಗೆ ಬಡಿಯುತ್ತಾನೆ? ಪುನೀತನ ಟೆಸ್ಟ್ ಮಾತ್ರ ಹೀಗೆ ಬಡಿಯುವುದು. ಅವನಿಗೆ ಫೋನ್ ಮಾಡೋಣವೆಂದರೆ ಹತ್ತಿರ ಮೊಬೈಲೇ ಇಲ್ಲ, ಬ್ಯಾಗಿನಲ್ಲೆಲ್ಲೋ ಸೈಲೆಂಟಾಗಿ ಬಿದ್ದಿತ್ತು. ವನಜಾ ಹಲ್ಲು ಕಚ್ಚಿ ಆ ವಿಳಾಸವನ್ನೇ ತಡೆದುಬಿಟ್ಟಳು. ಸರ್ವರ್ ಸುಧಾರಿಸಿಕೊಂಡಿತು. ಅವಳ ಸಿಟ್ಟು ಮಾತ್ರ ಇಳಿಯಲಿಲ್ಲ.

ಎಂಟೂವರೆಗೆ ಮಾಲೀಕರು ಬಂದಾಗ ಅವರ ಫೋನಿನಿಂದ ಮಾಡಿದರೆ ಪುನೀತನದು ಸ್ವಿಚ್ ಆಫ್.

ಹತ್ತಕ್ಕೆ ಪುನೀತ್ ಬಂದ. ಚಪ್ಪಲಿ ತುಂಬ ಸಗಣಿ, ಮುಖದಲ್ಲಿ ಬೆವರು. ಬಾಯಿ ತೆರೆಯುವಷ್ಟರಲ್ಲಿ ವನಜಾ ಎದ್ದು ನಿಂತಿದ್ದಳು. ನಡೆಯುತ್ತಿರುವ ಸರ್ವರ್ ಮೇಲೆ ಟೆಸ್ಟ್ ಬಿಟ್ಟಿರಿ, ಬೇಕಂತಲೇ ಮಾಡಿದಿರಿ, ನನ್ನ ಒಂದು ವರ್ಷದ ಕೆಲಸ ಹಾಳಾಗಲಿ ಅಂತಲೇ ಬಂದಿರಿ ಎಂದು ಎಲ್ಲರೆದುರಿಗೆ ಬೈದಳು. ಮಾಲೀಕ ಶ್ರೀಕಾಂತ್ ತಡೆಯಲು ಬಂದರೆ ಅವರಿಗೂ ಎರಡು ಮಾತು ಬಿತ್ತು.

ಪುನೀತ್ ಅವಳ ಕಂಪ್ಯೂಟರಿನತ್ತ ಕೈ ತೋರಿಸಿದ.

"ಆ ವಿಳಾಸ ಯಾರ್ದು ಅಂತ ನೋಡಿದ್ರಾ? ನೋಡಿ, ಆಮೇಲ್ ಬೈರಿ."

"ನಿಮ್ ಮುಖ ನೋಡೋಕೂ ನಂಗಿಷ್ಟ ಇಲ್ಲ."

ಅವನು ಬೋರ್ಡಿನ ಪೆನ್ನನ್ನು ಅವಳ ಮೇಜಿನ ಮೇಲಿಟ್ಟು ಹೊರಟುಹೋದ.

ಹನ್ನೊಂದಕ್ಕೆ ಬ್ಯಾಗಿನಿಂದ ಮೊಬೈಲ್ ತೆಗೆದರೆ ಅವನದೇ ಒಂಬತ್ತು ಮಿಸ್ಡ್ ಕಾಲ್. ಎಲ್ಲವೂ ಏಳೂಕಾಲರ ಹೊತ್ತಿಗೆ ಬಂದಂಥವು. ನೋಡುತ್ತಿರುವಾಗಲೇ ತನ್ನೂರು ವೈದ್ಯನಾಥಪುರದಿಂದ ತಾಯಿ ಪಟ್ಟಲಮ್ಮನ ಫೋನ್ ಬಂತು.

"ಏನಮ್ಮಿ, ನಿನ್ ಆಪು ನಮ್ಮೂರೋರ್ನೆಲ್ಲ ಆಚ್ಗೆ ನೂಕ್ಬುಟ್ಟದಲ್ಲ! ಡೈರಿಗೆ ಹಾಲಾಕ್ಬುಟ್ಟು ಎಲ್ರೂವೆ ಅಲ್ಲೇ ನಿಂತ್ಕಂಡು ಸೆಕ್ರೆಟ್ರಿ ಚಿಕ್ಕಮಾದಣ್ಣನ ವೈಫೈನಾಗೆ ಒತ್ತುದ್ವಿ, ಒತ್ತುದ್ವಿ... ಒಂದ್ ಗಳ್ಗೆ ಆದ್ಮೇಲೆ ಬಾಗ್ಲೇ ಹಾಕ್ಬುಡ್ತು. ಯಾರೋ ಮಳವಳ್ಳಿ ಹೈದ, ಜನ ಹೆಂಗ್ ಒತ್ತಾರೆ ನೋಡ್ಮ ಅಂತ ಬಂದಿದ್ನಂತೆ. ಅವ್ನ್ ಪೋನಿಂದ ನೆಟ್ಟು ಕೊಟ್ಟು ಅರ್ವತ್ತು ಜನ್ಕೆ ಬರ್ಸ್ಕೊಟ್ಟ. ಆಮೇಕೆ ಅದ್ರ ಚಾರ್ಜೂ ಮುಗ್ದೋಯ್ತು. ಆ ಹೈದುನ್ಗಿರೋ ಬುದ್ಧಿ ನಿಂಗಿಲ್ವಾ?"

ವನಜಾ ತಾನು ತಡೆದ ವಿಳಾಸ ಯಾರದೆಂದು ಹುಡುಕಿ ನೋಡಿದಳು. ಡೈರಿಯದೇ.

ಇನ್ನೂರು ಮನೆಯವರಿಗೆ ಒಂದೇ ವೈಫೈ! ಸರ್ವರ್ ಕಣ್ಣಿಗೆ ಅವರೆಲ್ಲ ಒಬ್ಬರೇ. ಹಾಲು ಹಾಕಿದ ಮೇಲೆ ಊರೆಲ್ಲ ಡೈರಿ ಕಟ್ಟೆಯ ಮೇಲೆ ಫೋನ್ ಹಿಡಿದು ನಿಲ್ಲುವುದನ್ನು ಆ ಊರಲ್ಲೇ ಹುಟ್ಟಿ ಬೆಳೆದ ಅವಳೇ ಮರೆತಿದ್ದಳು. ನೋಡಿ ಬಂದವನು ಮಳವಳ್ಳಿಯವನು.

ಅವಳು ತಡೆ ತೆಗೆದು, ಎಲ್ಲರಿಗೂ ಮತ್ತೆ ಒತ್ತಲು ಹೇಳು ಎಂದು ತಾಯಿಗೆ ಹೇಳಿದಳು. ಒಂದೊಂದೇ ಹೆಸರು ಬಂತು. ಹನ್ನೆರಡಕ್ಕೆ ಐದು ನಿಮಿಷ ಇದೆ ಎನ್ನುವಾಗ ಊರಿನ ಕೊನೆಯ ಹೆಸರೂ ಬಂತು. ಕಾರ್ಖಾನೆಯವರು ಕೆಲಸ ನಿಮ್ಮದೇ ಎಂದರು. ಅವಳಿಗೆ ಖುಷಿಯೇ ಆಗಲಿಲ್ಲ.

ಪುನೀತನಿಗೆ ಮಾಡಿದರೆ ಫೋನ್ ಈಗ ರಿಂಗಾಯಿತು. ಬಸ್ ಸ್ಟ್ಯಾಂಡ್ ಪಕ್ಕದ ಬೇಕರಿಯಲ್ಲಿ ಈಗಷ್ಟೇ ಚಾರ್ಜಿಗೆ ಹಾಕಿದ್ದೇನೆ, ಬಸ್ ಬಂದರೆ ಊರಿಗೆ ಹೊರಡುತ್ತೇನೆ ಎಂದಷ್ಟೇ ಹೇಳಿ ಇಟ್ಟ.

ವನಜಾ ಓಡಿದಳು. ಎದುರಿಗೆ ನಿಂತಾಗಲೂ ಬಾಯಿಗೆ ಬಂದದ್ದು ಸಿಟ್ಟೇ.

"ಹೇಳೋಕೆ ಬಾಯಿರ್ಲಿಲ್ವಾ ನಿಮ್ಗೆ?"

"ನೀವ್ ಬಿಟ್ರೆ ತಾನೇ?" ಅವನು ಎದ್ದು ನಿಂತ. "ಒಂದ್ ತಿಂಗ್ಳು ಪಕ್ಕದಲ್ ಕೂತಿದ್ದೋನು ವನಜಾ. ನಾನ್ ಅಂಥೋನು ಅನ್ಸ್ತಾ? ಎಲ್ರ ಮುಂದೆ ಬೈದು ಇಲ್ಲೊಬ್ರೇ ಬಂದು ಸಾರಿ ಅಂದ್ರೆ ಮುಗೀತಾ?"

ಅವಳು ಮೊಬೈಲ್ ಅವನ ಮುಂದೆ ಹಿಡಿದಳು. ಬೋರ್ಡಿನ ಫೋಟೋ. 'ಭೇಷ್' ಕೆಳಗೆ ದೊಡ್ಡದಾಗಿ ಬರೆದಿತ್ತು: ತಪ್ಪು ಪುನೀತ್ ಅವರದ್ದಲ್ಲ, ನನ್ನದು. ವನಜಾ.

"ಎಲ್ರೂ ಓದಿದಾರೆ... ಶ್ರೀಕಾಂತ್ ಸರ್ ಜೋರಾಗಿ ಓದಿದ್ರು."

ಅವನು ಅದನ್ನು ಎರಡು ಸಲ ಓದಿದ. ಮಳವಳ್ಳಿ ಬಸ್ಸು ಬಂದು ಹಾರ್ನ್ ಹೊಡೆಯಿತು. ವನಜಾಳ ಕಣ್ಣು ತುಂಬಿತು. ಅದಕ್ಕೂ ಅವಳಿಗೆ ಸಿಟ್ಟು ಬಂತು.

"ನನ್ ಕೋಪ ಹೋಗಲ್ಲ ಪುನೀತ್. ದಿನಾ ಬೈತೀನಿ. ಆದ್ರೆ ನೀವು ಆ ಬಸ್ ಹತ್ತಿದ್ರೆ ನನ್ ಕೈಲಾಗಲ್ಲ... ನಂಗೆ ನೀವು ಬೇಕು."

ಪುನೀತ್ ಬಸ್ಸಿಗೆ ಬೆನ್ನು ಮಾಡಿ ನಿಂತ.

"ಒಂದ್ ತಿಂಗ್ಳಿಂದ ಆ ಕೋಪಾನೂ ಟೆಸ್ಟ್ ಮಾಡ್ತಾನೇ ಇದೀನಿ."

"ಏನ್ ಬಂತು?"

"ತಡ್ಕತೀನಿ."

ಹೊರಗೆ ಬಸ್ಸು ಹೊರಟಿತು.

"ಬಸ್ ಹೋಯ್ತು," ಎಂದಳು ಮೆಲ್ಲಗೆ.

"ಹೋಗ್ಲಿ." ಅವನು ಪಕ್ಕದ ಸ್ಟೂಲನ್ನು ಅವಳತ್ತ ಎಳೆದ. "ಕೂತ್ಕೊಳಿ. ಚಾರ್ಜ್ ಇನ್ನೂ ಹನ್ನೆರಡೇ ಪರ್ಸೆಂಟ್."