ಮುಟ್ಟಿದರೆ ಓಗೊಡುವ ಕಾರು

ಸತ್ತವನ ದಿನಕಾರ್ಯ ಮುಗಿಸಿ ಬೀಗರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ನಳಕ್ಕೆ ನೀರು ಬಂದಿತ್ತು. ಮನೆಯ ಗಂಡಸು ಸತ್ತರೂ ನಳ ಆರೂವರೆಗೇ ಬರುತ್ತದೆ, ಏಳಕ್ಕೇ ನಿಲ್ಲುತ್ತದೆ. ಕಸ್ತೂರಿ ಕೊಡ ತುಂಬುತ್ತ ನಿಂತಿದ್ದಳು.

ಆಗಲೇ ಅಂಗಳದಲ್ಲಿ ಆ ಚೀರಾಟ!

ವೀಂಯ್... ವೀಂಯ್... ವೀಂಯ್...

ಕೊಡ ಕೈಬಿಟ್ಟು ಓಡಿ ಬಂದಳು. ಬಿಳಿ ಮಾರುತಿ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಊರಿ ಅತ್ತೆ ಹಾಲವ್ವ ನಿಂತಿದ್ದಳು. ತಾಯಿಯ ಮಂಜುಗಣ್ಣನ್ನು ಮಿರಜಿನ ಆಸ್ಪತ್ರೆಗೆ ತೋರಿಸಬೇಕೆಂದು ಕಸ್ತೂರಿಯ ಗಂಡ ಚನಮಲ್ಲಪ್ಪ ಗೆಳೆಯನಿಂದ ಎರವಲು ತಂದಿದ್ದ ಕಾರದು. ತಂದ ಮರುದಿನವೇ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ, ಪಾಳಿಯ ನಡುವೆ, ಎದೆ ಹಿಡಿದುಕೊಂಡು ಕುಸಿದಿದ್ದ. ಮೂವತ್ತೊಂದೇ ವರ್ಷ!

ಅರ್ಧ ನಿಮಿಷಕ್ಕೆ ಕಾರು ತಾನಾಗಿ ಸುಮ್ಮನಾಯಿತು. ಹಾಲವ್ವ ಮತ್ತೆ ಮುಟ್ಟಿದಳು. ಮತ್ತೆ ಚೀರಿತು.

"ಕಸ್ತೂರೆವ್ವಾ! ಕೇಳಿದಿ? ನಾ ಮುಟ್ಟಿದ ಕೂಡ್ಲೆ ಓ ಅಂದ! ನನ್ನ ಚನ್ನ್ಯಾ ಓ ಅಂದ ಬೇ!"

"ಅತ್ತೀ, ಅದು ಕಾರಿನ ಸಪ್ಪಳರೀ..."

ಹಾಲವ್ವನಿಗೆ ಅದು ಕೇಳಿಸಲಿಲ್ಲ. ಗೋಡೆಯಾಚೆಯಿಂದ ನೆರೆಮನೆಯ ರತ್ನಾಬಾಯಿಯ ದನಿ ಮಾತ್ರ ಎಲ್ಲರಿಗೂ ಕೇಳಿಸಿತು.

"ಏನ ಹೊಯ್ಕೋತೈತಿ ಇದು! ಹೆಣಾ ಎತ್ತಿದಾಗ ಸೊಸಿ ಅಳ್ಲಿಲ್ಲ, ಈಗ ಕಾರ ಅಳಾಕತ್ತೈತಿ ನೋಡ್ರಿ!"

ಕಸ್ತೂರಿ ತುಟಿ ಕಚ್ಚಿಕೊಂಡಳು. 'ಖರೇನ... ನಾ ಅಳಲಿಲ್ಲ. ಯಾಕೋ ಅಳು ಬರವಲ್ದು...' ಧಾರವಾಡದಲ್ಲಿ ಎಂ.ಎ. ಓದಿದವಳು. ಎದೆಯೊಳಗೆ ಮರಗಟ್ಟಿದ್ದಕ್ಕೆ ಯಾವ ಪುಸ್ತಕದಲ್ಲಿ ಏನು ಬರೆದಿದ್ದಾರೆಂದು ಅವಳಿಗೂ ಗೊತ್ತಿರಲಿಲ್ಲ.

ಕೀಲಿಯ ಬಿಲ್ಲೆಯ ಮೇಲೆ ಜಮಖಂಡಿಯ ಅಂಗಡಿಯೊಂದರ ನಂಬರು ಇತ್ತು. ಎಸ್.ಟಿ.ಡಿ. ಬೂತಿಗೆ ಹೋಗಿ ಫೋನು ಮಾಡಿದಳು. ತಾಸಿನೊಳಗೆ ಮೋಟಾರ್ ಸೈಕಲ್ ಬಂದು ನಿಂತಿತು. ಎಣ್ಣೆಯ ಕಲೆ ಉಗುರಿನೊಳಗೇ ಉಳಿದ ಕೈಗಳು, ತಗ್ಗಿದ ಕಣ್ಣು. ಗಿರಿಮಲ್ಲಪ್ಪ. ವಾಹನಗಳ ವೈರಿಂಗ್ ಮಾಡುವವ, ಕಾರಿನ ಒಡೆಯ.

"ನಿಮ್ಮ ಕಾರು ಬಂದ್ ಮಾಡ್ರಿ. ಇಲ್ಲಾ ಒಯ್ದ ಬಿಡ್ರಿ!" ಅವಳ ಮೊದಲ ಮಾತೇ ಅದು.

"ಮಾಡ್ತೀನ್ರಿ ವೈನಿ. ರಿಮೋಟ್ ಕೊಡ್ರಿ." ಗೆಳೆಯನ ಹೆಂಡತಿ ಅವನಿಗೆ ವೈನಿ, ಅತ್ತಿಗೆ.

"ಅವರ ಅಂಗಿ ಕಿಸೇದಾಗಿತ್ತು. ಅಂಗಿ ಜೋಡಿ ಅಗಸರ ಕಡೆ ಹೋಗಿ ನೀರು ಕುಡದೈತಿ."

ಅವನು ಕಾರಿನೊಳಗೆ ತೂರಿ, ಸ್ಟೇರಿಂಗಿನ ಕೆಳಗೆಲ್ಲೋ ಅಡಗಿಸಿದ್ದ ಸ್ವಿಚ್ಚು ಒತ್ತಿದ.

"ಬಾಗಲಾ ಹಾಕಿದ ಅರ್ಧ ನಿಮಿಷಕ್ಕ ಇದು ತಾನ ಕಾವಲಿಗೆ ಕುಂದರತೈತ್ರಿ. ನಿನ್ನಿ ಯಾರರ ತಗದು ಹಾಕಿರಬೇಕು."

"ಹೌದು. ಬೀಗರು ಒಳಗಿನ ಕಂಬಳಿ ತಗೊಂಡ್ರು."

"ಅದಕ್ಕ. ಇನ್ನ ಒದರಂಗಿಲ್ಲ."

"ಕಾರು ಒಯ್ಯಂಗಿಲ್ಲೇನ್ರಿ?"

"ಅವ್ವಾರ ಕಣ್ಣು ತೋರ್ಸಾಕಂತ ಕೊಟ್ಟೇನಿ. ಆ ಕೆಲಸ ಆಗ್ಲಿ." ಹೊರಟವನು ತಿರುಗಿ ನಿಂತ. "ಮಣ್ಣಿಗೆ ನಾನೂ ಬಂದಿದ್ದೆ ವೈನಿ."

"ನನಗ ಯಾರೂ ನೆನಪಿಲ್ಲ," ಎಂದಳು ಅವಳು.

ಮರುದಿನ ಹಾಲವ್ವ ಕಾರು ಮುಟ್ಟಿದಳು. ಸದ್ದಿಲ್ಲ. ಸೆರಗಿನಿಂದ ಒರೆಸಿದಳು, ತಟ್ಟಿದಳು. ಸದ್ದಿಲ್ಲ!

"ನಾ ಬ್ಯಾಡಾದೆ ಅವಗ..." ಅಂದವಳೇ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಒಂದು ದಿನ. ಎರಡು ದಿನ. ಮೂರನೆಯ ದಿನ ಕಸ್ತೂರಿ ಬಾಯಿಗಿಟ್ಟ ಗಂಜಿ ಕಟವಾಯಿಯಿಂದ ಹೊರಗೆ ಹರಿಯಿತು. 'ಶಿವನೇ, ಇವರೂ ಹೋದರ ನಾ ಯಾರಿಗಂತ ಇರ್ಲಿ? ತಾಯಿಲ್ಲದ ನನಗ ತಾಯಿ ಆಗಿ ತಲಿ ಹಿಕ್ಕಿದಾಕಿ...'

ರತ್ನಾಬಾಯಿಯನ್ನು ಅತ್ತೆಯ ಬಳಿ ಕೂರಿಸಿ ಜಮಖಂಡಿಯ ಬಸ್ಸು ಹತ್ತಿದಳು. ಅಂಗಡಿಯ ಮುಂದೆ ನಾಲ್ಕು ಜನ ಗಿರಾಕಿಗಳು. ಅವರೆದುರೇ ಕೈಮುಗಿದಳು.

"ಮತ್ತ ಚಾಲೂ ಮಾಡ್ರಿ ಅದನ್ನ! ನಿಮ್ಮ ಕಾಲಿಗೆ ಬೀಳ್ತೀನಿ!"

ಎಲ್ಲ ಕೇಳಿದ ಗಿರಿಮಲ್ಲಪ್ಪ ಮೆಲ್ಲಗೆ ಅಂದ, "ಸುಳ್ಳಿನ ಮ್ಯಾಲೆ ಎಷ್ಟು ದಿನ ಇಡ್ತೀರಿ ವೈನಿ ಆ ಜೀವಾನ?"

"ಇವತ್ತೊಂದಿನ ಇಡ್ತೀನಿ. ನಾಳಿದು ನಾಳಿ!"

ಅವನು ಅಂಗಡಿಯ ಬಾಗಿಲೆಳೆದು ಬಂದ. ಹೊಸ ರಿಮೋಟು ಕೂಡಿಸಿ ಅವಳ ಕೈಗಿಟ್ಟ. "ಇದನ್ನ ಒತ್ತಿದ್ರ ಒಂದು ಸಲ ಪೀಂ ಅಂತೈತಿ, ಕಾವಲಿಗೆ ಕುಂತಂಗ. ಎರಡು ಸಲ ಅಂದ್ರ ಕಾವಲು ಬಿಟ್ಟಂಗ. ಇಲ್ಲಿ ನೋಡ್ರಿ, ಈ ಸಣ್ಣ ಡಬ್ಬಿ. ಅಲುಗಾಡಿದ್ದು ಇದಕ್ಕ ತಿಳೀತೈತಿ. ಈ ತಿರುಪು ಬಲಕ್ಕ ತಿರುವಿದ್ರ ಗುಬ್ಬಿ ಕುಂತರೂ ಒದರತೈತಿ. ಎಡಕ್ಕ ತಿರುವಿದ್ರ ಗುದ್ದಿದರಷ್ಟ."

ಹಾಲವ್ವನನ್ನು ತೋಳು ಹಿಡಿದು ತಂದರು. ಅವಳ ಕೈ ಬಾನೆಟ್ಟಿಗೆ ತಾಗಿತು.

ವೀಂಯ್...

"ಬಂದ್ಯಾ ಯಪ್ಪಾ!" ಅಂದಳು ಹಾಲವ್ವ. ಅಂದು ಅರ್ಧ ರೊಟ್ಟಿ ತಿಂದಳು.

ಹೀಗೇ ಶುರುವಾಯಿತು. ದಿನಾ ಬೆಳಿಗ್ಗೆ ಕಸ್ತೂರಿ ಕಿಟಕಿಯಿಂದ ರಿಮೋಟು ಒತ್ತುವಳು, ಅತ್ತೆ ಮಗನೊಡನೆ ಮಾತಾಡುವಳು. ಕಬ್ಬಿನ ದರ, ಸೊಸೆ ಬಡವಾದದ್ದು, ಎಲ್ಲ ವರದಿ. ಮಿರಜಿನ ಮಾತೆತ್ತಿದರೆ ಮಾತ್ರ, "ಕಾರ ಇಲ್ಲಿಂದ ಅಲುಗಬಾರದು!"

ಬ್ಯಾಟರಿ ಇಳಿಯುತ್ತದೆಂದು ಗಿರಿಮಲ್ಲಪ್ಪ ಪ್ರತಿ ಸೋಮವಾರ ಅಂಗಡಿ ರಜೆಯ ದಿನ ಬರುತ್ತಿದ್ದ. ಕಾರು ಒಂದಿಷ್ಟು ಹೊತ್ತು ಚಾಲೂ ಇಟ್ಟು, ಕಟ್ಟೆಯ ಮೇಲೆ ಚಹಾ ಕುಡಿದು ಹೋಗುತ್ತಿದ್ದ. ಹೆಚ್ಚು ಮಾತಿಲ್ಲ. ಆದರೂ ಸೋಮವಾರ ಬಂತೆಂದರೆ ಕಸ್ತೂರಿಯ ಕಿವಿ ಓಣಿಯ ತಿರುವಿನಲ್ಲಿರುತ್ತಿತ್ತು. ಅದು ತನಗೇ ತಿಳಿದ ಮೇಲೆ ಅವಳು ಹೆದರಿ ಎರಡು ಸೋಮವಾರ ಒಳಗಿನಿಂದ ಹೊರಗೇ ಬರಲಿಲ್ಲ.

ಮೂರನೆಯ ತಿಂಗಳು ಹಾಲವ್ವ ಗೊಣಗತೊಡಗಿದಳು. "ಮೊದಲು ಮುಟ್ಟಿದ್ರ ಸಾಕಾಗಿತ್ತು. ಈಗ ಬಡೀಬೇಕು ಅವಗ. ದೂರ ಹೊಂಟಾನೇನ ಬೇ?"

ಕಸ್ತೂರಿಗೆ ಸಂಶಯ ಬಂತು. ಆ ಸೋಮವಾರ ಬಾಗಿಲ ಸಂದಿನಿಂದ ನೋಡಿದಳು. ಗಿರಿಮಲ್ಲಪ್ಪ ಸ್ಕ್ರೂಡ್ರೈವರ್ ಹಿಡಿದು ಆ ಡಬ್ಬಿಯ ತಿರುಪನ್ನು ಎಡಕ್ಕೆ... ಒಂದು ಕೂದಲೆಳೆಯಷ್ಟು...

"ಗಿರಿಮಲ್ಲಪ್ಪನವರ!"

ಅವನ ಕೈ ನಿಂತಿತು.

"ನಿಮ್ಮ ಕಾರು ನಿಮಗ ಬೇಕಿದ್ರ ಎದುರಿಗೆ ಕೇಳಬೇಕಿತ್ತು! ಕಳ್ಳರಂಗ ವಾರಾ ವಾರಾ ಅತ್ತಿ ಕುತಿಗಿ ಹಿಚುಕಾಕತ್ತೀರಿ?"

"ವೈನಿ, ಒಂದು ಮಾತು ಕೇಳ್ರಿ..."

"ಇನ್ನ ಬರಬ್ಯಾಡ್ರಿ! ನಾಳಿ ಯಾರನ್ನರ ಕಳಿಸಿ ಒಯ್ರಿ!"

ಅವನು ತಲೆ ತಗ್ಗಿಸಿ ಹೋದ. ಕಾರು ಒಯ್ಯಲು ಮರುದಿನವೂ ಯಾರೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ಸಿಟ್ಟಿನಲ್ಲಿ ಕಸ್ತೂರಿ ತಾನೇ ತಿರುಪನ್ನು ಬಲಕ್ಕೆ, ತುದಿಮುಟ್ಟ ತಿರುವಿದಳು. ಆಮೇಲೆ ಗಾಳಿ ಬೀಸಿದರೂ ಚೀರಾಟ, ಬೆಕ್ಕು ಹಾರಿದರೂ ಚೀರಾಟ! ರತ್ನಾಬಾಯಿ ಗೋಡೆಗೆ ಬಂದು ಬೈದು ಹೋದಳು. ನಾಲ್ಕನೆಯ ದಿನ ಕಾರಿನ ದನಿ ಗೊರಗೊರ ಎಂದು ಸಣ್ಣಗಾಯಿತು. ಐದನೆಯ ಬೆಳಗು...

ಹಾಲವ್ವ ಮುಟ್ಟಿದಳು. ಸದ್ದಿಲ್ಲ. ಬಡಿದಳು. ಎರಡೂ ಮುಷ್ಟಿಯಿಂದ ಗುದ್ದಿದಳು.

"ಓ ಅನ್ನೋ! ಒಂದ ಸಲ ಓ ಅನ್ನೋ ಚನ್ನ್ಯಾ!"

ಕಿಟಕಿಯಲ್ಲಿ ಕಸ್ತೂರಿ ರಿಮೋಟು ಒತ್ತಿದಳು. ಮತ್ತೆ ಒತ್ತಿದಳು. ಹೆಬ್ಬೆರಳು ನೋಯುವಷ್ಟು ಒತ್ತಿದಳು. ಏನೂ ಇಲ್ಲ... ಬ್ಯಾಟರಿ ಸತ್ತಿತ್ತು. ಹಾಲವ್ವ ಹಣೆಯನ್ನು ಬಾನೆಟ್ಟಿಗೆ ಬಡಿದುಕೊಳ್ಳತೊಡಗಿದಳು. ಬಿಳಿ ಬಣ್ಣದ ಮೇಲೆ ಕೆಂಪು ಮೂಡಿತು!

ಕಸ್ತೂರಿ ಓಡಿಹೋಗಿ ಆ ಹಣೆಗೂ ಕಾರಿಗೂ ನಡುವೆ ತನ್ನ ಎರಡೂ ಅಂಗೈ ಒಡ್ಡಿದಳು.

"ಓ..." ಅಂದಳು. "ಓ ಯವ್ವಾ! ನಾ ಅದೇನಿ. ನಾ ಓ ಅಂತೀನಿ. ಅವರು ಇನ್ನ ಅನ್ನಂಗಿಲ್ಲ!"

ಅಂದ ಕೂಡಲೇ ಅವಳ ಗಂಟಲು ಒಡೆಯಿತು. ಮೂರು ತಿಂಗಳು ಬಾರದ ಅಳು ಓಣಿಗೆಲ್ಲ ಕೇಳುವಂತೆ ಬಂತು. ಅಳುತ್ತಲೇ ಎಲ್ಲ ಹೇಳಿದಳು. ರಿಮೋಟು, ಡಬ್ಬಿ, ತಿರುಪು, ಕಿಟಕಿ... ಅತ್ತೆಯ ಬೆರಳು ಹಿಡಿದು ಆ ಡಬ್ಬಿಯ ಮೇಲಿಟ್ಟಳು.

ಹಾಲವ್ವ ಬಹಳ ಹೊತ್ತು ಅದನ್ನು ಸವರಿದಳು.

"ಕರಿ ಅವನ್ನ," ಎಂದಳು ಕೊನೆಗೆ.

ಗಿರಿಮಲ್ಲಪ್ಪ ಬ್ಯಾಟರಿ ಹೊತ್ತು ಬಂದ. ಹಣೆಗೆ ಅರಿಷಿಣ ಮೆತ್ತಿಕೊಂಡು ಕೂತಿದ್ದ ಹಾಲವ್ವ ಕೇಳಿದಳು, "ಬೆರಳಷ್ಟು ಡಬ್ಬಿ ಕೂಡ ಮೂರು ತಿಂಗಳು ಮಾತಾಡೇನಲ್ಲೋ ನಾ! ನನ್ನ ಹುಚ್ಚಿ ಮಾಡಾಕ ಇಬ್ಬರೂ ಕೂಡಿದ್ರೇನು?"

"ತಪ್ಪಾತ್ರಿ ಅವ್ವಾ. ಒಮ್ಮೆಲೆ ಬಂದ್ ಮಾಡಿದಾಗ ನೀವು ಅನ್ನಾ ಬಿಟ್ರಿ. ಅದಕ್ಕ ವಾರಕ್ಕೊಂದೀಟು ತಿರುವಿ ಸಾವಕಾಶ ಬಿಡಸ್ತಿದ್ದೆ. ಕೂಸಿಗೆ ಮೊಲಿ ಬಿಡಿಸಿದಂಗ... ಕಾರಿನ ಆಶಾಕ್ಕಲ್ರಿ."

ಕಸ್ತೂರಿ ತಲೆ ಎತ್ತಿ ಅವನನ್ನು ನೋಡಿದಳು. ಎಂಥ ಮಾತು ಅಂದುಬಿಟ್ಟಿದ್ದೆ ಈ ಮನುಷ್ಯನಿಗೆ!

ಹಾಲವ್ವ ಎಂಟು ದಿನ ಇಬ್ಬರೊಡನೆಯೂ ಮಾತು ಬಿಟ್ಟಳು. ಒಂಬತ್ತನೆಯ ದಿನ ಹೊಸ ಸೀರೆ ಉಟ್ಟು ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು.

"ಮಿರಜಿಗೆ ನಡೀರಿ. ಇನ್ನ ಈ ಮನ್ಯಾಗ ಯಾರು ಏನ ಮಾಡ್ತೀರಿ, ನಾ ಕಣ್ಣಾರೆ ನೋಡಬೇಕು!"

ಆಪರೇಷನ್ ಆಗಿ ಕಣ್ಣಿಗೆ ಬೆಳಕು ಬಂತು. ಒಂದಾದ ಮೇಲೊಂದು, ಎರಡೂ. ಮಿರಜಿಗೆ ಹೋಗಿಬರುವುದರಲ್ಲೇ ಮಳೆಗಾಲ ಕಳೆಯಿತು. ಕಸ್ತೂರಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಹಿಡಿದಳು, ಜಮಖಂಡಿಯಲ್ಲಿ ಕಾರು ನಡೆಸುವುದನ್ನೂ ಕಲಿತಳು. ಚನಮಲ್ಲಪ್ಪನ ವರ್ಷದ ಪೂಜೆ ಮುಗಿದ ಮೇಲೊಂದು ಭಾನುವಾರ ಹಾಲವ್ವ ಬೆಳಗಿನಿಂದ ರೊಟ್ಟಿ ಬಡಿದಳು.

"ಚನ್ನ್ಯಾ ತಂದದ್ದು ಚನ್ನ್ಯಾನ ಹೆಸರಿಲೆ ಮುಟ್ಟಿಸಿ ಬಾ. ಎರವಲ ತಂದ ಸಾಮಾನ ಬರಿದ ಕೊಡಬಾರದು, ಈ ಬುತ್ತಿ ಒಯ್ಯಿ. ಸಾವಕಾಶ ಬಾ. ಕಡೀ ಬಸ್ಸಿಗೆ ಬಂದರೂ ನಡೀತೈತಿ."

ಅಂಗಡಿಯ ಮುಂದೆ ಕಾರು ನಿಲ್ಲಿಸಿ ಕಸ್ತೂರಿ ಕೀಲಿ, ರಿಮೋಟು ಎರಡನ್ನೂ ಅವನ ಅಂಗೈಯಲ್ಲಿಟ್ಟಳು.

"ಅವರು ಇಸಗೊಂಡಿದ್ದು. ತಡಾ ಆತು. ಆ ದಿನ ನಾ ಅಂದ ಮಾತಿಗೆ..."

"ಬಿಡ್ರಿ ವೈನಿ." ಅವನು ಕೀಲಿಯನ್ನೇ ನೋಡುತ್ತಿದ್ದ. "ಇನ್ನ ಸೋಮವಾರ ನನಗ ಅಲ್ಲಿ ಕೆಲಸಿಲ್ಲ."

"ಕೆಲಸಿಲ್ಲಂದ್ರ ಬರಂಗಿಲ್ಲೇನು?"

ಅವನು ಒಂದೇ ಉಸಿರಿಗೆ ಅಂದ, "ಬ್ಯಾಟರಿಗೆ ವಾರಾ ವಾರಾ ಬರೂದು ಬೇಕಾಗಿದ್ದಿಲ್ಲರೀ. ತಿಂಗಳಿಗೊಮ್ಮೆ ಬಂದಿದ್ರ ಸಾಕಾಗಿತ್ತು."

ಕಸ್ತೂರಿ ಕಾರಿನೊಳಗಿನ ಬುತ್ತಿಯ ಗಂಟು ಎತ್ತಿಕೊಂಡಳು. "ನನಗ ಅವರು ಇನ್ನೂ ಕನಸಿನ್ಯಾಗ ಬರ್ತಾರ, ಗಿರಿಮಲ್ಲಪ್ಪ."

"ಬರ್ಲಿ. ಅವ ನನಗೂ ಗೆಳೆಯಾನ. ಮರೀರಿ ಅಂತ ಹೆಂಗ ಹೇಳ್ಲಿ?"

"ಅತ್ತೀನ ಬಿಟ್ಟು ನಾ ಎಲ್ಲೂ ಬರಾಕಿಲ್ಲ."

"ಅವರು ಬರಂಗಿಲ್ಲಂದ್ರ ನಾನ ಅಲ್ಲಿಗೆ ಬರ್ತೀನಿ... ಕಸ್ತೂರಿ."

ಮೊದಲ ಸಲ ಅವನ ಬಾಯಲ್ಲಿ ಅವಳ ಹೆಸರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬುತ್ತಿಯ ಗಂಟು ಬಿಚ್ಚಿದಳು. ಎಂಟು ರೊಟ್ಟಿ. ಶೇಂಗಾ ಹಿಂಡಿಯ ಚಟ್ನಿ. ಗಟ್ಟಿ ಮೊಸರು. ಅಡಿಯಲ್ಲಿ ಉಣ್ಣುವ ಎರಡು ತಾಟು.

"ಎರಡು ತಾಟು ಯಾಕ ಇಟ್ಟಾರ?" ಅಂದ ಗಿರಿಮಲ್ಲಪ್ಪ.

"ಅತ್ತೀಗೆ ಈಗ ಕಣ್ಣು ಛಲೋ ಕಾಣ್ತಾವ," ಎಂದಳು ಕಸ್ತೂರಿ. "ಕೈ ತೊಳಕೊಂಡು ಬಾ."