ನಿಂತು ಹುಟ್ಟು ಹಾಕುವ ದೋಣಿ

ಪುಟ್ಟಿಗೆ ಸಿಟ್ಟು ನೆತ್ತಿಗೇರಿದ್ದು ಲೈಬ್ರರಿಯ ಹಾಲ್‌ನಲ್ಲಿ, ಶನಿವಾರ ಮಧ್ಯಾಹ್ನ, ಹತ್ತಾರು ಜನರ ಎದುರಿಗೇ.

ಹವ್ಯಾಸಿಗಳ ಪ್ರದರ್ಶನದ ಮೂರನೆಯ, ಕೊನೆಯ ದಿನ ಅದು. ಕಿಟಕಿ ಪಕ್ಕದ ಮೇಜಿನ ಮೇಲೆ ಅವಳ ದೋಣಿ ಕೂತಿತ್ತು. ಹದಿನಾಲ್ಕು ಇಂಚು ಉದ್ದದ ಮರದ ದೋಣಿ. ಎಂಟು ತಿಂಗಳ ಕೆಲಸ. ಬೆಂಕಿಪೆಟ್ಟಿಗೆಯ ಕಡ್ಡಿಗಿಂತ ತೆಳ್ಳಗಿನ ಹಲಗೆಗಳನ್ನು ಕೆಟಲ್‌ನ ಹಬೆಗೆ ಹಿಡಿದು, ಉಸಿರು ಬಿಗಿಹಿಡಿದು ಬಗ್ಗಿಸಿದ್ದಳು. ಹಿತ್ತಾಳೆ ತಂತಿ ತುಂಡರಿಸಿ ಇನ್ನೂರ ಹನ್ನೆರಡು ಮೊಳೆಗಳನ್ನು ತಾನೇ ಮಾಡಿಕೊಂಡಿದ್ದಳು. ಹಲ್ಲಿನ ಸೆಟ್ ಮಾಡುವ ಲ್ಯಾಬ್‌ನಲ್ಲಿ ಹದಿಮೂರು ವರ್ಷ ಪಳಗಿದ ಕೈ ಅದು. ಮೂವತ್ತಾರು ವಯಸ್ಸಾದರೂ ಅಣ್ಣ ಅತ್ತಿಗೆಗೆ ಅವಳಿನ್ನೂ 'ಪುಟ್ಟಿ'. ಅದೂ ಒಂದು ಸಿಟ್ಟೇ, ಆದರೆ ಹಳೆಯದು.

ಮೇಜಿನ ಮೇಲೆ ಅಭಿಪ್ರಾಯ ಬರೆಯಲು ಒಂದು ಪುಸ್ತಕ ಇಟ್ಟಿದ್ದರು. 'ಸೂಪರ್.' 'ತುಂಬಾ ಕ್ಯೂಟ್.' 'ಇದು ಎಲ್ಲಿ ಸಿಗುತ್ತೆ?' ಇವೆಲ್ಲ ಓದಿ ಮುಗಿಸುವಷ್ಟರಲ್ಲಿ, ದಪ್ಪ ಅಕ್ಷರದಲ್ಲಿ ಒತ್ತಿ ಬರೆದ ಮೂರು ಸಾಲು ಕಂಡವು.

'ಕೆಲಸ ಅಚ್ಚುಕಟ್ಟು. ಆದರೆ ಮಾಡಿದವರು ಒಂದು ದಿನವೂ ದೋಣಿಯಲ್ಲಿ ಕೂತವರಲ್ಲ. ಹೀಗಿದ್ದರೆ ಹುಟ್ಟು ಹಾಕುವವನ ಮೊಣಕಾಲು ಅವನ ಗದ್ದಕ್ಕೇ ಬಡಿಯುತ್ತದೆ.' ಕೆಳಗೆ ಸಹಿಯ ಜಾಗದಲ್ಲಿ, 'ಹೊಳೆ ದಾಟಿಸುವ ದೋಣಿಯವನು.'

"ಏನು ಸೊಕ್ಕು ನೋಡಿ ಮೇಡಂ!" ಪುಟ್ಟಿ ಪುಸ್ತಕವನ್ನು ಲೈಬ್ರರಿಯ ಮೇಡಂ ಮುಂದೆ ಹಿಡಿದಳು.

ಅವರು ಕನ್ನಡಕ ಏರಿಸಿ ಓದಿದರು. "ಅಲ್ಲ ಕಣೇ, ನೀನು ದೋಣೀಲಿ ಕೂತಿದ್ದೀಯಾ?"

"ಅದಲ್ಲ ಪ್ರಶ್ನೆ."

"ಕೂತಿಲ್ಲ ಅನ್ನು."

ಕೂತಿರಲಿಲ್ಲ. ನೀರೆಂದರೆ ಅವಳ ಕೈಕಾಲು ತಣ್ಣಗಾಗುತ್ತಿದ್ದವು. ಇದು ಮನೆಯವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಯಾರೋ ಒಬ್ಬ ಬಂದು, ಒಂದು ಹಲಗೆ ನೋಡಿ, ಅದನ್ನು ಕಂಡುಹಿಡಿದು, ಊರಿಗೆಲ್ಲ ಕಾಣುವ ಹಾಗೆ ಬರೆದು ಹೋಗಿದ್ದ!

ಮರುದಿನ ಬೆಳಿಗ್ಗೆ ಶೂ ಡಬ್ಬಿಯಲ್ಲಿ ದೋಣಿ ಇಟ್ಟುಕೊಂಡು ಅವಳು ಹೊಳೆಯ ಮೆಟ್ಟಿಲು ಇಳಿದಳು.

*

ಅವನು ಮೆಟ್ಟಿಲ ಮೇಲೆ ಕೂತು ಹುಟ್ಟಿಗೆ ಎಣ್ಣೆ ಸವರುತ್ತಿದ್ದ. ನಲವತ್ತರ ಆಸುಪಾಸು. ಬಿಸಿಲಿಗೆ ಕಂದಿದ ಮುಖ. ತೋಳು ಮಡಚಿದ ಅಂಗಿ.

"ಪುಸ್ತಕದಲ್ಲಿ ಬರೆದಿದ್ದು ನೀವೇನಾ?"

ಅವನು ತಲೆಯೆತ್ತಿದ. ಡಬ್ಬಿ ನೋಡಿದ, ಅವಳ ಮೂಗಿನ ತುದಿಯ ಕೆಂಪು ನೋಡಿದ. "ಹೌದು."

"ಎಲ್ಲಿ ತಪ್ಪಿದೆ, ತೋರಿಸಿ."

ಅವನು ತಕ್ಷಣ ಕೈ ಚಾಚಲಿಲ್ಲ. ಟವೆಲ್‌ಗೆ ಎರಡೂ ಕೈ ಒರೆಸಿಕೊಂಡ, ಬೆರಳ ಸಂದಿಗಳನ್ನೂ ಬಿಡದೆ. ಆಮೇಲೆ ದೋಣಿಯನ್ನು ಅಂಗೈಗಳ ಮೇಲೆ ತಳದಿಂದ ಎತ್ತಿಕೊಂಡ. ಇಷ್ಟು ವರ್ಷಗಳಲ್ಲಿ ಅವಳ ದೋಣಿಗಳನ್ನು ಯಾರೂ ಹಾಗೆ ಎತ್ತಿರಲಿಲ್ಲ. ಪುಟ್ಟಿಗೆ ಅದು ಇಷ್ಟವಾಯಿತು. ಇಷ್ಟವಾಯಿತಲ್ಲ ಎಂದು ಇನ್ನಷ್ಟು ರೇಗಿತು.

"ಇಷ್ಟು ಸಣ್ಣ ಮೊಳೆ ಎಲ್ಲಿ ಸಿಕ್ತು?"

"ಸಿಗ್ಲಿಲ್ಲ, ಮಾಡಿದೆ."

"ಒಂದೊಂದೂ?"

"ಒಂದೊಂದೂ. ಮಾತು ಮರೆಸ್ಬೇಡಿ."

ಅವನ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಕಿರುಬೆರಳಿನಿಂದ ಅಡ್ಡಹಲಗೆಯನ್ನು ಮುಟ್ಟದೆ ತೋರಿಸಿದ. "ಇದು ಕೂರೋ ಹಲಗೆ. ಇದು ಹುಟ್ಟಿಗೆ ಆಸರೆ ಕೊಡೋ ಗೂಟ. ನಡುವೆ ಜಾಗ ಎಲ್ಲಿದೆ? ಕೂತವನು ಕಾಲು ಎಲ್ಲಿಡ್ಬೇಕು, ಹೆಗಲ ಮೇಲಾ?"

"ಲೈಬ್ರರೀಲಿರೋ ಹಳೇ ನಕ್ಷೇಲಿ ಹಾಗೇ ಇದೆ!"

"ಹಾಗಾದ್ರೆ ನಕ್ಷೆ ಬರೆದವರೂ ಕೂತಿರಲ್ಲ."

"ಎಲ್ಲಾ ತಿಳಿದವರು ನೀವೊಬ್ಬರೇ!"

"ಬನ್ನಿ, ಕೂತು ನೋಡಿ," ಅಂದ ಅವನು, ತನ್ನ ದೋಣಿಯ ಅಂಚನ್ನು ಕಾಲಿನಿಂದ ಒತ್ತಿ ಹಿಡಿದು.

ಬೇರೆ ಯಾವ ದಿನವಾಗಿದ್ದರೂ ಅವಳು ಓಡಿಹೋಗುತ್ತಿದ್ದಳು. ಅಂದು ಸಿಟ್ಟು ಭಯಕ್ಕಿಂತ ಒಂದು ಹೆಜ್ಜೆ ಮುಂದಿತ್ತು. ದೋಣಿಗೆ ಕಾಲಿಟ್ಟಳು. ದೋಣಿ ಓಲಾಡಿತು. ಅವಳು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದಳು. ಈಗ ನಗುತ್ತಾನೆ, ನಗಲಿ, ಎಂದು ಕಾದಳು. ನಗು ಕೇಳಿಸಲಿಲ್ಲ.

"ದೂರ ನೋಡಿ," ಎಂದಿತು ಮೆತ್ತಗಿನ ದನಿ. "ಆಚೆ ದಡದ ಮರ ನೋಡಿ. ನೀರು ನೋಡ್ಬೇಡಿ."

ಮರ ನೋಡಿದಳು. ಸ್ವಲ್ಪ ಹೊತ್ತಿಗೆ ಉಸಿರು ಹಾದಿಗೆ ಬಂತು. ಬ್ಯಾಗಿನಿಂದ ಸ್ಟೀಲ್ ಸ್ಕೇಲ್ ತೆಗೆದು, ಹಲಗೆಯಿಂದ ಗೂಟದವರೆಗೆ ಅಳೆದು, ಬೆರಳೆಣಿಸಿ ಲೆಕ್ಕ ಹಾಕಿದಳು. ತನ್ನ ದೋಣಿಯನ್ನು ಇಷ್ಟೇ ದೊಡ್ಡದು ಮಾಡಿದರೂ ಅಲ್ಲಿರುವುದು ಇದರ ಅರ್ಧದಷ್ಟು ಜಾಗ. ಇವನ ಮಾತು ಸರಿ ಎನ್ನುವಂತಿತ್ತು. ಅವಳಿಗೆ ಅಳುವೇ ಬಂತು.

ಮೇಲೆ ಬರುವಾಗ ನೆರಳಿನಲ್ಲಿ ಟಿಕೆಟ್ ಹರಿಯುತ್ತ ಕೂತಿದ್ದ ಅವನ ತಾಯಿ ಬಾಯಿಗೆ ಕೈ ಅಡ್ಡ ಹಿಡಿದು ಏನೋ ಕೇಳಿದರು. ಮಾತು ಅರ್ಥವಾಗಲಿಲ್ಲ. ಆದರೆ ಬೆರಳ ಸಂದಿಯಲ್ಲಿ ಹಲ್ಲಿನ ಸೆಟ್ ಕೆಳಗೆ ಜಾರಿದ್ದು ಪುಟ್ಟಿಗೆ ಕಂಡಿತು.

"ಅಮ್ಮಾ, ಇದನ್ನ ಯಾರು ಮಾಡಿದ್ದು?"

"ಯಾರೋ ಮಾಡಿಕೊಟ್ರಮ್ಮ. ವರ್ಷ ಆಯ್ತು. ಊಟಕ್ಕೆ ತೆಗೆದಿಡ್ತೀನಿ."

"ಊಟಕ್ಕೆ ತೆಗೆದಿಡೋ ಹಲ್ಲಾ! ಮಾಡಿದವನಿಗೆ ಮಾನ ಮರ್ಯಾದೆ ಇದೆಯಾ?" ಪುಟ್ಟಿ ಅಲ್ಲೇ ಬ್ಯಾಗು ಇಳಿಸಿದಳು. "ನಾಳೆ ನಮ್ಮ ಡಾಕ್ಟರ್ ಹತ್ರ ಬನ್ನಿ, ಅಚ್ಚು ತೆಗೀತಾರೆ. ಸೆಟ್ ನಾನು ಮಾಡ್ತೀನಿ."

ಕೆಳಗಿನ ಮೆಟ್ಟಿಲಿನಿಂದ ದೋಣಿಯವನು ಅವಳನ್ನೇ ನೋಡುತ್ತಿದ್ದ. ಅವಳು ತಿರುಗಿದಾಗ ಅವಸರದಿಂದ ಹುಟ್ಟಿಗೆ ಎಣ್ಣೆ ಸವರಿದ. ಆಗಲೇ ಸವರಿದ್ದ ಹುಟ್ಟದು.

*

ಹಲ್ಲಿನ ಸೆಟ್ ಒಂದೇ ದಿನದಲ್ಲಿ ಆಗುವ ಕೆಲಸವಲ್ಲ. ಒಂದು ದಿನ ಅಚ್ಚು, ಒಂದು ದಿನ ಮೇಣದಲ್ಲಿ ಕೂರಿಸಿ ನೋಡುವುದು, ಮತ್ತೊಂದು ದಿನ ಚುಚ್ಚುವಲ್ಲಿ ಉಜ್ಜಿ ಕೊಡುವುದು. ಅಚ್ಚಿನ ದಿನ ಬಿಟ್ಟರೆ ಉಳಿದದ್ದಕ್ಕೆಲ್ಲ ಪುಟ್ಟಿಯೇ ಹೊಳೆಗೆ ಹೋದಳು. ದೋಣಿಯವನ ತಾಯಿಗೆ ಬಿಸಿಲಿನಲ್ಲಿ ಓಡಾಟ ಕಷ್ಟ ಎಂದು ಲ್ಯಾಬ್‌ನಲ್ಲಿ ಹೇಳಿದಳು. ಹೋದಾಗಲೆಲ್ಲ ಅವನ ಜೊತೆ ಒಂದು ಸಣ್ಣ ಜಗಳ ಆಗುತ್ತಿತ್ತು. ಆಗದ ದಿನ ಏನೋ ಮರೆತು ಬಂದಂತಾಗುತ್ತಿತ್ತು.

ನಡುವೆ ಒಂದು ಸಂಜೆ ಅವಳು ಲೈಬ್ರರಿಯಲ್ಲಿ ಕೂತು ಹಳೆಯ ಫೋಟೋಗಳ ಕಟ್ಟುಗಳನ್ನು ಬಿಚ್ಚಿದಳು. ನಕ್ಷೆ ಬರೆದವನಾದರೂ ಇಷ್ಟು ದಡ್ಡನೇ ಎಂಬ ರೋಷ. ಮೂರನೆಯ ಕಟ್ಟಿನಲ್ಲಿ, ನಕ್ಷೆಯಲ್ಲಿದ್ದ ಅದೇ ದೋಣಿ ಸಿಕ್ಕಿತು. ಅದರೊಳಗೆ ಮುದುಕನೊಬ್ಬ ನೆಟ್ಟಗೆ ನಿಂತಿದ್ದ. ಮುಖ ದೋಣಿಯ ಮೂತಿಯ ಕಡೆಗೆ, ಹುಟ್ಟು ಎದೆಯ ಮಟ್ಟಕ್ಕೆ, ಒಂದು ಪಾದ ಅಡ್ಡಹಲಗೆಗೆ ಒತ್ತಿಕೊಂಡು.

ಅದು ಕೂರುವ ಹಲಗೆಯೇ ಆಗಿರಲಿಲ್ಲ. ಕಾಲು ಒತ್ತುವ ಹಲಗೆ.

ಪುಟ್ಟಿ ಫೋಟೋದ ಪ್ರತಿ ಹಿಡಿದು ಹೊಳೆಯ ಕಡೆ ಓಡುನಡಿಗೆಯಲ್ಲಿ ಹೊರಟಳು. ದಾರಿಯುದ್ದಕ್ಕೂ ಬೈಗುಳಗಳನ್ನು ಒಪ್ಪವಾಗಿ ಜೋಡಿಸಿಕೊಂಡಳು. ಆದರೆ ಮೆಟ್ಟಿಲ ಹತ್ತಿರ ಬಂದಾಗ ಒಂದು ಯೋಚನೆ ಕಾಲು ಕಟ್ಟಿತು. ಆ ಹಲಗೆಯನ್ನು, ಕೂರುವವರಿಗೆ ಹಿತವಾಗಿರಲಿ ಎಂದು, ಎರಡು ದಿನ ಉಜ್ಜಿ ನುಣುಪು ಮಾಡಿದ್ದು ತಾನೇ. ಅದೇನೆಂದು ತನಗಾದರೂ ಎಲ್ಲಿ ಗೊತ್ತಿತ್ತು?

"ನೀವು ಬರೆದಿದ್ದು ತಪ್ಪು," ಎಂದು ಫೋಟೋ ಚಾಚಿದಳು. ಒಂದು ಕ್ಷಣ ಬಿಟ್ಟು, "ನಂಗೂ ಗೊತ್ತಿರ್ಲಿಲ್ಲ. ನಾನೂ ಸೀಟು ಅಂದ್ಕೊಂಡೇ ಮಾಡಿದ್ದೆ."

ಅವನು ಫೋಟೋವನ್ನು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು, ಆರು ಜನ ಕೂತಿದ್ದ ದೋಣಿಯಲ್ಲಿ ನಿಂತು, ಹಲಗೆಗೆ ಪಾದ ಒತ್ತಿ ಹುಟ್ಟು ಹಾಕಿದ. ದೋಣಿ ಕುಡಿದವನಂತೆ ವಾಲಿತು. "ಕೂತ್ಕೊಳ್ಳಪ್ಪಾ, ಎಲ್ಲರನ್ನೂ ಮುಳುಗಿಸ್ತೀಯಾ!" ಎಂದು ಚೀಲ ಹಿಡಿದ ಹೆಂಗಸೊಬ್ಬಳು ಕೂಗಿದಳು. ನಾಲ್ಕನೆಯ ಎಳೆತಕ್ಕೆ ದೋಣಿ ಸೀದಾ ಆಯಿತು. ಏಳನೆಯದಕ್ಕೆ ನೀರು ಸೀಳಿಕೊಂಡು ಹೊರಟಿತು.

ತಿರುಗಿ ಬಂದಾಗ ಅವನ ಅಂಗಿಯೆಲ್ಲ ಒದ್ದೆ. "ನನ್ನ ತಪ್ಪು," ಅಂದ.

ಪುಟ್ಟಿ 'ಆದ್ರೆ' ಬರಲಿ ಎಂದು ಕಾದಳು. ಅವಳ ಅಣ್ಣ, ಅವಳ ಬಾಸ್, ಯಾರ ತಪ್ಪೊಪ್ಪಿಗೆಗೂ ಹಿಂದೆಯೇ ಒಂದು 'ಆದ್ರೆ' ಬಂದೇ ಬರುತ್ತಿತ್ತು. ಇವನ ಬಾಯಿಂದ ಬರಲಿಲ್ಲ. ಜೋಡಿಸಿಟ್ಟ ಬೈಗುಳಗಳನ್ನು ಏನು ಮಾಡಬೇಕೆಂದು ತೋಚದೆ ಅವಳು ಒದ್ದೆ ಮೆಟ್ಟಿಲ ಮೇಲೇ ಕೂತುಬಿಟ್ಟಳು.

*

ಮುಂದಿನ ಭಾನುವಾರ ಅಣ್ಣನ ಆಫೀಸಿನವನೊಬ್ಬ ಚಹಾಕ್ಕೆ ಬಂದ. ಯಾಕೆ ಬಂದನೆಂದು ಅತ್ತಿಗೆಯ ಓಡಾಟದಲ್ಲೇ ಗೊತ್ತಾಗುತ್ತಿತ್ತು. ಒಳ್ಳೆಯ ಷರಟು, ಒಳ್ಳೆಯ ನಗು. ಬಾಲ್ಕನಿಯ ಮೇಜಿನ ಹತ್ತಿರ ಬಂದು, ದೋಣಿಯನ್ನು ಹುಟ್ಟು ಹಿಡಿದೇ ಎತ್ತಿದ. ಹುಟ್ಟು ಲಟಕ್ಕೆಂದಿತು.

"ಅಯ್ಯೋ, ಆಟದ ಸಾಮಾನು ಎಷ್ಟು ನಾಜೂಕು! ಸ್ವಲ್ಪ ಗಮ್ ಹಚ್ಚಿದ್ರೆ ಆಯ್ತು ಬಿಡಿ." ನಕ್ಕ. "ಮದುವೆ ಆದ್ಮೇಲೆ ಇದಕ್ಕೆಲ್ಲ ಟೈಮ್ ಎಲ್ಲಿರುತ್ತೆ, ಅಲ್ವಾ?"

"ಮದುವೆ ಯಾರದು?" ಎಂದಳು ಪುಟ್ಟಿ. ಹಾಲ್‌ನಲ್ಲಿ ಚಮಚದ ಸದ್ದು ನಿಂತಿತು.

ಅವನು ಹೋದ ಮೇಲೆ ಅತ್ತಿಗೆ ಕಣ್ಣೊರೆಸಿಕೊಂಡರು. ಅಣ್ಣ, "ಅವನಲ್ಲಿ ಏನು ಕಮ್ಮಿಯಾಗಿದೆ ಹೇಳು," ಎಂದ. ಪುಟ್ಟಿ ಮುರಿದ ಹುಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊಳೆಗೆ ನಡೆದಳು.

ಅವಳು ಹೇಳಿದ್ದನ್ನೆಲ್ಲ ದೋಣಿಯವನು ಕೇಳಿಸಿಕೊಂಡ. ಅವನ ತಾಯಿ ಹೊಸ ಹಲ್ಲಿನಲ್ಲಿ ಕಡಲೆ ಅಗಿಯುವುದನ್ನು ನಿಲ್ಲಿಸಿ, ಕಿವಿ ಇತ್ತ ಕೊಟ್ಟು, ಮುಖ ಅತ್ತ ಮಾಡಿಕೊಂಡರು.

"ಆಫೀಸಿನ ಕೆಲಸ. ಒಳ್ಳೇ ಸಂಬಂಧ," ಅಂದ ಅವನು, ನೀರು ನೋಡುತ್ತ. "ಒಳ್ಳೇದಾಯ್ತು."

ಪುಟ್ಟಿಯ ಕಿವಿ ಕಾದವು. "ಏನು ಒಳ್ಳೇದಾಯ್ತು?"

"ನಾನು ಹೊಳೆ ಮೇಲೆ ಇರೋನು. ನೀವು ಓದಿದವರು. ನಾನು ಏನು ಹೇಳೋಕಾಗುತ್ತೆ?"

"ಹದಿನಾಲ್ಕು ಇಂಚಿನ ದೋಣೀಲಿ ತಪ್ಪು ಹುಡುಕಿ, ಊರೆಲ್ಲಾ ಓದೋ ಹಾಗೆ ಬರೆಯೋಕೆ ಆಯ್ತು. ಇದರಲ್ಲಿ ನಿಂಗೆ ಒಂದೂ ತಪ್ಪು ಕಾಣಲ್ವಾ? ಅಷ್ಟು ಕುರುಡನಾ ನೀನು? ನನ್ನ ಬದುಕನ್ನ ಯಾರಿಗೋ ಕೊಟ್ಟುಬಿಡೋಕೆ ನಿನ್ನ ಕೇಳಿದ್ದು ಯಾರು?"

ಹೇಳಿಯಾದ ಮೇಲೆ ಅವಳಿಗೆ ಗೊತ್ತಾಯಿತು. ನೀನು ಎಂದಿದ್ದಳು. ಮೂರು ಸಲ.

ಅವನಿಗೂ ಗೊತ್ತಾಗಿತ್ತು. ಮೆಲ್ಲಗೆ ತಿರುಗಿದ. ಕಂದಿದ ಮುಖದ ಮೇಲೆ ಕೆಂಪೇರುವುದು ಕಾಣುವುದಿಲ್ಲ ಎಂದುಕೊಂಡಿದ್ದಳು; ಕಾಣುತ್ತದೆ, ಕಿವಿಯ ತುದಿಯಲ್ಲಿ.

"ಕಾಣುತ್ತೆ," ಅಂದ. "ಮೊದಲನೇ ದಿನದಿಂದ ಕಾಣ್ತಿದೆ. ನೀನು ಮೆಟ್ಟಿಲು ಹತ್ತಿ ಹೋದಾಗಲೆಲ್ಲ ತಪ್ಪು ಅಂತಲೇ ಅನ್ಸುತ್ತೆ. ಹೋಗ್ಬೇಡ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ."

"ಈಗ ಬಂತಲ್ಲ."

"ಬಂತು."

"ಹಾಗಾದ್ರೆ ಪೂರ್ತಿ ಹೇಳು."

"ಹೋಗ್ಬೇಡ," ಅಂದ ಅವನು.

ಆಚೆ ದಡದಿಂದ ಯಾರೋ ದೋಣಿಗಾಗಿ ಕೂಗುತ್ತಲೇ ಇದ್ದರು. "ಕೂಗ್ಲಿ ಬಿಡಿ," ಎಂದರು ತಾಯಿ, ಅಲ್ಲಿಂದಲೇ.

*

"ದೋಣಿಯವನಾ?" ಅಣ್ಣ ಕುರ್ಚಿಯಿಂದ ಎದ್ದೇಬಿಟ್ಟ.

"ಹೂಂ, ದೋಣಿಯವನೇ. ದಿನಾ ಇಡೀ ಊರು ಅವನ ದೋಣೀಲಿ ಕೂರುತ್ತೆ. ನಾನು ಕೂತ್ರೆ ಮಾತ್ರ ಮುಳುಗುತ್ತಾ?"

ಅಣ್ಣ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಆಫೀಸಿಗೆ ಅರ್ಧ ರಜೆ ಹಾಕಿ, ಯಾರಿಗೂ ಹೇಳದೆ, ಎರಡು ಸಲ ಹೊಳೆ ದಾಟಿ ಬಂದ. ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ, "ಮಾತು ಕಮ್ಮಿ. ಆದ್ರೆ ಇಳಿಯೋವಾಗ ಎಲ್ಲರಿಗೂ ಕೈ ಕೊಡ್ತಾನೆ," ಎಂದ. ಅತ್ತಿಗೆ ಇನ್ನೊಂದು ಸೌಟು ಸಾರು ಬಡಿಸಿದರು. ಅಲ್ಲಿಗೆ ಒಪ್ಪಿಗೆಯಾಯಿತು.

ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿದ ಮರುದಿನ ಬೆಳಿಗ್ಗೆ, ಅವನ ಮನೆಯ ಕಿಟಕಿಯ ಕೆಳಗೆ ಒಂದು ಹೊಸ ಮೇಜು ಕಾದಿತ್ತು. ದಪ್ಪ ಹಲಗೆ, ಎದುರಿಗೆ ಹೊಳೆ, ಎಡಗಡೆಯಿಂದ ಬೆಳಕು. ಪುಟ್ಟಿ ಕುರ್ಚಿ ಎಳೆದು ಕೂತಳು. ಮೇಜು ಅವಳ ಹೆಗಲಿಗೆ ಬಂತು.

"ಇದು ಯಾರ ಅಳತೆ?"

"ನಂದು," ಅಂದ ಅವನು.

"ಇಲ್ಲಿ ಕೂತು ಕೆಲಸ ಮಾಡೋರು?"

"ನೀನು."

"ಒಂದು ಮಾತು ಕೇಳ್ಬಾರ್ದಾ? ಇಷ್ಟು ಎತ್ತರ ಯಾರಾದ್ರೂ ಮಾಡ್ತಾರಾ? ನಾನೇನು ಇದರ ಕೆಳಗೆ ಕೂರ್ಲಾ?"

ಅವನು ಗರಗಸ ತಂದು, ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಮಂಡಿಯೂರಿ, ಕಿವಿಯಿಂದ ಪೆನ್ಸಿಲ್ ತೆಗೆದ. "ಮೊಣಕೈ ಮಡಚು. ಅಲ್ಲಾಡ್ಬೇಡ." ಅವಳ ಮೊಣಕೈಯ ಕೆಳಗೆ ಪೆನ್ಸಿಲ್ ಹಿಡಿದ. ಅವನ ಉಸಿರು ಮಣಿಕಟ್ಟಿಗೆ ತಾಗುತ್ತಿತ್ತು. ಗುರುತು ಹಾಕುವುದಕ್ಕೆ ಒಂದು ಕ್ಷಣ ಸಾಕಿತ್ತು. ಪೆನ್ಸಿಲ್ ಅಲ್ಲೇ ನಿಂತಿತು. ಅವಳೂ ಅಲ್ಲಾಡಲಿಲ್ಲ.

"ಅಳತೆ ಮುಗೀತಾ?" ಎಂದು ತಾಯಿ ಒಳಗಿನಿಂದ ಕೂಗಿದರು. "ತಿಂಡಿ ಆರ್ತಿದೆ."

"ಇನ್ನೂ ಇಲ್ಲ," ಎಂದರು ಇಬ್ಬರೂ ಒಟ್ಟಿಗೆ.